ನರೆತ ಮೇಲೆ ನೆರೆದ ಒಲವು

ಮಾಗಡಿ ರಸ್ತೆಯ ಬ್ಯಾಡರಹಳ್ಳಿಗೆ ಬಹುಕಾಲದ ಮೇಲೆ ಮರಳಿದವನು ತನ್ನ ಊರನ್ನೇ ಗುರುತಿಸಲಾರನು. ಹೊಲಗಳಿದ್ದೆಡೆಯಲ್ಲಿ ಮನೆಗಳ ಸಾಲುಗಳೆದ್ದಿವೆ. ಆದರೆ ಬಾಲ್ಯದಲ್ಲಿ ಮನಸ್ಸು ಮೆಚ್ಚಿದ ಮುಖವು ಎದುರಾದರೆ, ತಲೆ ನರೆತಿದ್ದರೂ ಗುರುತು ತಪ್ಪದು. ಆಗ ಹಳೆಯ ಒಲವು ಮತ್ತೆ ಚಿಗುರಿದರೆ ಮಾಡತಕ್ಕುದೇನು?

ವಾಚಕರಲ್ಲಿ ಕೆಲವರು ಮೇಲುಕೋಟೆಯ ಮದುವೆಯೊಂದರ ವಾರ್ತೆಯನ್ನು ಓದಿರಬಹುದು. ಅದು ನಡೆದುದು 2021ನೆಯ ಇಸವಿಯ ಡಿಸೆಂಬರಿನಲ್ಲಿ. ವರನಿಗೆ 65 ವರ್ಷ. ಆತನು ಎಳವೆಯಲ್ಲಿ ಒಲಿದಿದ್ದ ಕನ್ಯೆಯನ್ನು ಮನೆಯವರು ಅನ್ಯನಿಗೆ ಕೊಟ್ಟುಬಿಟ್ಟಿದ್ದರು. ಆತನು ಅವಿವಾಹಿತನಾಗಿಯೇ ಉಳಿದನು. ಆಕೆಯನ್ನು ಕೈಹಿಡಿದವನು ತೊರೆದುಹೋದನು. ದಶಕಗಳು ಕಳೆದ ತರುವಾಯ ಇವರಿಬ್ಬರೂ ಆ ಕ್ಷೇತ್ರದಲ್ಲಿ ಸತಿಪತಿಗಳಾದರು.

“ಈ ವಯಸ್ಸಿನಲ್ಲಿ ಇದೇಕೆ?” ಎಂದು ಮೂಗು ಮುರಿಯುವವರುಂಟು. ವಿಧುರನೊಬ್ಬನು ಐವತ್ತರಲ್ಲಿ ಮದುವೆಯಾದರೆ ಅದೇ ಬಾಯಿಗಳು “ಪಾಪ, ಅನ್ನ ಬೇಯಿಸಿಕ್ಕುವವರು ಬೇಡವೇ?” ಎನ್ನುತ್ತವೆ! ಹೆಂಗಸಿನ ಒಂಟಿತನವು ಮಾತ್ರ ಅವರ ಕಣ್ಣಿಗೆ ಬೀಳದು. ಭವಭೂತಿಯು ಉತ್ತರರಾಮಚರಿತದಲ್ಲಿ ಕೊಂಡಾಡಿದುದು ಕಾಲದೊಡನೆ ಮಾಗಿದ ಪ್ರೇಮವನ್ನೇ ಅಲ್ಲವೆ?

1955ರ ಹಿಂದೂ ವಿವಾಹ ಶಾಸನವು ವರನಿಗೆ 21, ವಧುವಿಗೆ 18 ಎಂದು ಕೆಳಗಿನ ಮಿತಿಯನ್ನು ಹಾಕಿದೆ. ಮೇಲಿನ ಮಿತಿಯನ್ನು ಹಾಕಿಲ್ಲ. ಆದರೆ ಪತಿಯು ತೊರೆದುಹೋದ ಮಾತ್ರಕ್ಕೆ ಹಳೆಯ ವಿವಾಹವು ಕಡಿಯದು. ಎರಡು ವರ್ಷಗಳ ಪರಿತ್ಯಾಗವನ್ನಾಗಲಿ, ಏಳು ವರ್ಷಗಳಿಂದ ಸುಳಿವಿಲ್ಲದುದನ್ನಾಗಲಿ ತೋರಿಸಿ ನ್ಯಾಯಾಲಯದಿಂದ ವಿಚ್ಛೇದನವನ್ನು ಪಡೆದ ಮೇಲೆಯೇ ಹಸೆಯೇರಬೇಕು. ಮಕ್ಕಳಿದ್ದ ಪಕ್ಷದಲ್ಲಿ ಆಸ್ತಿಯ ವಿಷಯವನ್ನು ಮೊದಲೇ ಬರೆದಿಡುವುದು ಲೇಸು; ಮರ್ಯಾದೆಯ ಹೆಸರಿನಲ್ಲಿ ಏಳುವ ಅನೇಕ ಆಕ್ಷೇಪಗಳ ಬೇರು ಅಲ್ಲಿಯೇ ಇರುತ್ತದೆ.