ಬಾಪನನ್ನು ನೋಡಿಕೊಳ್ಳುವ ಮಗಳು ಮತ್ತೆ ಕಾಲೇಜಿಗೆ ಹೋದರೆ ದುಡ್ಡು ನಿಲ್ಲುತ್ತದೆಯೇ?

'ಹುಡುಗಿ ಕಾಲೇಜಿಗೆ ಸೇರಿದರೆ ಮನೆಗೆ ಬರುವ ದುಡ್ಡೆಲ್ಲ ನಿಂತು ಹೋಗ್ತದಂತೆ, ಹೌದಾ?' ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದರೆ, ಅವರನ್ನು ನೋಡಿಕೊಳ್ಳುವವಳು ಮತ್ತೆ ಓದುತ್ತೇನೆ ಅಂದ ಕೂಡಲೇ ಏಳುವ ಮೊದಲ ಪ್ರಶ್ನೆ ಇದು. ಸರಿಯಾಗಿ ಉತ್ತರ ಹೇಳುವವರು ಸಿಗದೆ ಎಷ್ಟೋ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಆದರೆ ವಿಶ್ವವಿದ್ಯಾನಿಲಯ, ಜಿಲ್ಲಾಸ್ಪತ್ರೆ, ಜಿಲ್ಲಾ ಕಚೇರಿ ಎಲ್ಲವೂ ತುಮಕೂರಿನಲ್ಲಿ. ಪಾವಗಡದಿಂದ ಅಲ್ಲಿಗೆ ಸುಮಾರು ನೂರು ಕಿ.ಮೀ. ಕರಾವಳಿಯಲ್ಲಾದರೆ ಪಕ್ಕದ ಮನೆಯಲ್ಲೇ ಉಮ್ಮನ ತಂಗಿಯೋ ಅಣ್ಣನ ಹೆಂಡತಿಯೋ ಇರುತ್ತಾರೆ, ಎರಡು ಗಂಟೆ ರೋಗಿಯ ಪಕ್ಕ ಕೂರುತ್ತಾರೆ. ಘಟ್ಟ ಹತ್ತಿ ವ್ಯಾಪಾರಕ್ಕೆ ಬಂದು ನೆಲೆಸಿದ ಕುಟುಂಬಕ್ಕೆ ಆ ಅನುಕೂಲ ಇಲ್ಲ. ಆರೈಕೆಯ ಭಾರ ಹೆಚ್ಚಾಗಿ ಒಬ್ಬಳ ಮೇಲೇ ಬೀಳುತ್ತದೆ.

ಉದಾಹರಣೆಗೆ ಶಿರಾದ ಒಂದು ಮನೆ ಎಂದುಕೊಳ್ಳಿ. ಬಾಪನಿಗೆ ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋಗಿದೆ. ಉಮ್ಮ ಅಂಗಡಿ ನೋಡಿಕೊಳ್ಳುತ್ತಾರೆ. ಬಿ.ಕಾಂ. ಮುಗಿಸಿದ ಮಗಳು ಬಾಪನನ್ನು ನೋಡಿಕೊಳ್ಳುತ್ತಾಳೆ. ಅವಳಿಗೀಗ ಬಿ.ಎಡ್. ಮಾಡುವ ಆಸೆ. ಆ ಮನೆಗೆ ಸರಕಾರದಿಂದ ಬರುವುದು ಮೂರು ಬಾಬ್ತು: ಬಾಪನ ಅಂಗವಿಕಲ ವೇತನ, ಉಮ್ಮನ ಗೃಹಲಕ್ಷ್ಮಿ, ಮಗಳ ಯುವನಿಧಿ. ಒಂದೊಂದಾಗಿ ನೋಡೋಣ.

ಮೊದಲನೆಯದು ಬಾಪನ ವೇತನ. ಅಂಗವೈಕಲ್ಯ ಶೇ. 75ಕ್ಕಿಂತ ಹೆಚ್ಚಿದ್ದರೆ ತಿಂಗಳಿಗೆ 1,400 ರೂ., ಶೇ. 40ರಿಂದ 75ರ ಒಳಗಿದ್ದರೆ 800 ರೂ. ಈ ಹಣ ರೋಗಿಯ ಹೆಸರಿನದು, ರೋಗಿಯ ಖಾತೆಗೇ ಬರುತ್ತದೆ. ನೋಡಿಕೊಳ್ಳುವವಳು ಓದುತ್ತಾಳೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿಲ್ಲ. 65 ದಾಟಿದವರಿಗೆ ಸಿಗುವ 1,200 ರೂ. ಸಂಧ್ಯಾ ಸುರಕ್ಷಾ ವೇತನವೂ ಹಾಗೆಯೇ.

ಎರಡನೆಯದು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಈ ಯೋಜನೆಯಲ್ಲಿ ಪಡಿತರ ಚೀಟಿಯ ಯಜಮಾನಿಗೆ ತಿಂಗಳಿಗೆ 2,000 ರೂ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಸಿಗುವುದಿಲ್ಲ. ಅಂಗಡಿ ಇರುವವರು ಇದನ್ನು ಗಮನಿಸಬೇಕು. ಮಗಳು ಕಾಲೇಜಿಗೆ ಸೇರಿದ್ದಕ್ಕೆ ಮಾತ್ರ ಇದು ನಿಲ್ಲುವುದಿಲ್ಲ.

ನಿಲ್ಲುವುದು ಮೂರನೆಯದು, ಯುವನಿಧಿ. 2022-23ರಿಂದ ಪಾಸಾದ ಪದವೀಧರರಿಗೆ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಆದವರಿಗೆ 1,500 ರೂ. ಇದು ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತು ಹಾಕಿದರು. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಇದು ಇಲ್ಲ. ಕೆಲಸವೂ ಇಲ್ಲ, ಓದುತ್ತಲೂ ಇಲ್ಲ ಎಂದು ಕಾಲಕಾಲಕ್ಕೆ ಸ್ವಯಂ ಘೋಷಣೆ ಕೊಡಬೇಕು. 'ಯಾರಿಗೆ ಗೊತ್ತಾಗ್ತದೆ' ಎಂದು ಕಾಲೇಜಿಗೆ ಸೇರಿದ ಮೇಲೂ ಘೋಷಣೆ ಕೊಡುತ್ತಾ ಹೋದರೆ ಅದು ಸುಳ್ಳು ಘೋಷಣೆ, ಕ್ರಮ ಎದುರಿಸಬೇಕಾಗುತ್ತದೆ.

ಈಗ ಲೆಕ್ಕ ಹಾಕಿ. ಬಾಪನ 1,400, ಉಮ್ಮನ 2,000, ಮಗಳ 3,000, ಒಟ್ಟು 6,400 ರೂ. ಅವಳು ಬಿ.ಎಡ್.ಗೆ ಸೇರಿದ ತಿಂಗಳಿಂದ 3,400 ಉಳಿಯುತ್ತದೆ. ಹೆಚ್ಚುಕಮ್ಮಿ ಅರ್ಧ ಹೋಯಿತು. ಔಷಧಿಗೇ ಅಷ್ಟು ಬೇಕಾಗುವ ಮನೆಯಲ್ಲಿ ಇದು ಸಣ್ಣ ಮೊತ್ತ ಅಲ್ಲ. ಆದರೆ ಯುವನಿಧಿ ಹೇಗಿದ್ದರೂ 24 ತಿಂಗಳಿಗೆ ಮುಗಿಯುತ್ತದೆ. ಈಗಾಗಲೇ ಹತ್ತು ತಿಂಗಳು ಪಡೆದಿದ್ದರೆ ಬಿಟ್ಟುಕೊಡುವುದು ಹೆಚ್ಚೆಂದರೆ 42,000 ರೂ. ಬಿ.ಎಡ್. ಕೂಡ ಎರಡೇ ವರ್ಷ. ಎರಡು ವರ್ಷದ ಕೊನೆಗೆ ಒಂದು ಕಡೆ ಮುಗಿದುಹೋದ ಭತ್ಯೆ, ಇನ್ನೊಂದು ಕಡೆ ಕೈಯಲ್ಲೊಂದು ಪದವಿ. ಮನೆಯವರು ಕೂತು ಮಾತಾಡಬೇಕಾದ ವಿಷಯ ಇದು.

ಹಾಗಾದರೆ ಆರೈಕೆ ಮಾಡುವವರಿಗೇ ಅಂತ ಏನೂ ಇಲ್ಲವೇ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರನ್ನೂ 'ಆರೈಕೆದಾರ' ಎಂದೇ ಗುರುತಿಸುತ್ತದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆ ಕೊಡುವ ಮಾತೂ ಅದರ 24ನೇ ಸೆಕ್ಷನ್‌ನಲ್ಲಿದೆ. ನಮ್ಮ ರಾಜ್ಯ 2024-25ರ ಬಜೆಟ್‌ನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂ. ಘೋಷಿಸಿತು. ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಲಕ್ವ ಆ ಪಟ್ಟಿಯಲ್ಲಿಲ್ಲ. ಕಾಸರಗೋಡಿನ ನಮ್ಮ ನೆಂಟರಿಗೆ ಗೊತ್ತಿರಬಹುದು, ಕೇರಳದ ಆಶ್ವಾಸಕಿರಣಂ ಯೋಜನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆದಾರರಿಗೆ ತಿಂಗಳಿಗೆ 600 ರೂ. ನಿಗದಿಯಾಗಿದೆ.

ಹೊರದೇಶದಲ್ಲೂ ಈ ತಕರಾರು ಇದೆ. ಇಂಗ್ಲೆಂಡಿನಲ್ಲಿ ವಾರಕ್ಕೆ 35 ಗಂಟೆ ಆರೈಕೆ ಮಾಡುವವರಿಗೆ ಭತ್ಯೆ ಉಂಟು, ಆದರೆ ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಓದಿದರೆ ಇಲ್ಲ. ಸ್ಕಾಟ್ಲೆಂಡ್ 2023ರಲ್ಲಿ ತನ್ನದೇ ಭತ್ಯೆ ತಂದು, ಪೂರ್ಣಾವಧಿ ಓದುವ ಹೆಚ್ಚಿನವರಿಗೂ ಬಾಗಿಲು ತೆರೆಯಿತು. ಓದಿದ ಮಾತ್ರಕ್ಕೆ ಆರೈಕೆ ನಿಲ್ಲುವುದಿಲ್ಲ ಎಂದು ಅಲ್ಲಿ ಒಪ್ಪಿಕೊಂಡಂತಾಯಿತು. ನಮ್ಮಲ್ಲೂ ಯುವನಿಧಿಯಂಥ ಯೋಜನೆಗಳಲ್ಲಿ ಆರೈಕೆದಾರರಿಗೆ ಇಂಥ ವಿನಾಯಿತಿ ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಸಂಘಟನೆಗಳು ಕೊಡುವ ಮನವಿಗಳಲ್ಲಿ ಈ ಒಂದು ಸಾಲೂ ಸೇರಲಿ.

ಅಷ್ಟರ ತನಕ ಮನೆಯವರು ಮಾಡಬಹುದಾದ್ದು ಇಷ್ಟು. ರೋಗಿಗೆ ಯುಡಿಐಡಿ ಕಾರ್ಡ್ ಮಾಡಿಸಿ. ಗ್ರಾಮ ಪಂಚಾಯತ್‌ನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯತ್‌ನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ದಾರಿ ತೋರಿಸುವುದು ಅವರ ಕೆಲಸ, ಸಂಕೋಚ ಬೇಡ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ, ಆರ್.ಡಿ. ನಂಬರ್ ಬರೆದಿಟ್ಟುಕೊಳ್ಳಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಅದನ್ನೇ ಕೇಳುತ್ತಾರೆ. ಹಾಸ್ಟೆಲ್ ಸಿಗದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳ ನೆರವು ಇದೆ. ಶಕ್ತಿ ಯೋಜನೆಯಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ರೆಗ್ಯುಲರ್ ಕಾಲೇಜು ಸಾಧ್ಯವೇ ಇಲ್ಲದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಇದೆ.

ದುಡ್ಡಿನ ಲೆಕ್ಕ ಹೇಗೋ ಸರಿಹೋಗಬಹುದು. ಸರಿಹೋಗದೇ ಉಳಿಯುವುದು ಹೊತ್ತಿನ ಲೆಕ್ಕ. ಕಾಲೇಜಿನಲ್ಲಿ ಹಾಜರಾತಿ ಬೇಕು, ಮನೆಯಲ್ಲಿ ಮಧ್ಯಾಹ್ನದ ಮಾತ್ರೆ ಕೊಡುವವರು ಬೇಕು. ಸರಕಾರದ ಯಾವ ಯೋಜನೆಯೂ ಆ ಮಧ್ಯಾಹ್ನಕ್ಕೆ ಬಂದು ಕೂರುವುದಿಲ್ಲ. ತಮ್ಮನೋ, ಅಣ್ಣನೋ, ಜಮಾಅತಿನ ನಾಲ್ಕು ಮನೆಯವರೋ ವಾರಕ್ಕೆ ಒಂದೊಂದು ಮಧ್ಯಾಹ್ನ ಹಂಚಿಕೊಂಡರೆ ಅವಳ ಓದು ಉಳಿಯುತ್ತದೆ. ಬಾಪ ಎಲ್ಲರಿಗೂ ಬಾಪನೇ ಅಲ್ಲವೇ, ಮಗಳಿಗೊಬ್ಬಳಿಗೇ ಅಲ್ಲವಲ್ಲ.