ನಿಮಗಿದು ಗೊತ್ತೆ? ಕಾರು ಸೊರಗಿದರೆ ತಪ್ಪು ಟರ್ಬೊದ್ದೇ ಅಲ್ಲ
ಟರ್ಬೊ ಕಾರಿನ ಎಳೆತ ಕುಗ್ಗಿದೊಡನೆ ಟರ್ಬೊವನ್ನೇ ದೂರುವುದು ಆತುರದ ತೀರ್ಮಾನ. ಎಂಜಿನ್ ಹೊಗೆಯ ರಭಸಕ್ಕೆ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಅದು ಗಾಳಿಯನ್ನು ಒತ್ತಿ ಕಳಿಸುತ್ತದೆ, ನಿಜ. ಆದರೆ ಆ ಗಾಳಿ ಎಂಜಿನ್ ಸೇರುವುದು ರಬ್ಬರ್ ಹೋಸ್, ಕ್ಲಿಪ್, ಇಂಟರ್‌ಕೂಲರ್‌ಗಳನ್ನು ದಾಟಿ; ಇವುಗಳಲ್ಲಿ ಎಲ್ಲಿ ಬಿರುಕು ಬಿಟ್ಟರೂ ಒತ್ತಡ ಸೋರುತ್ತದೆ. ‘ಸ್ಕ್ಯಾನರ್ ಪಿ0299 ಎಂದು ತೋರಿಸಿತಲ್ಲ?’ ಎನ್ನಬಹುದು. ಆ ಕೋಡ್ ಹೇಳುವುದು ಒತ್ತಡ ಸಾಲದು ಎಂದಷ್ಟೇ, ಕಾರಣವನ್ನಲ್ಲ. ಜ್ವರ ಅಳೆದ ಮಾತ್ರಕ್ಕೆ ರೋಗ ತಿಳಿಯದು. ಎಣ್ಣೆ ಉರಿದ ನೀಲಿ ಹೊಗೆ ಕಂಡರೆ ಟರ್ಬೊ ಮೇಲಿನ ಅನುಮಾನ ನ್ಯಾಯವೇ. ಆದರೆ ಪಿಸ್ಟನ್ ರಿಂಗ್ ಸವೆದರೂ ಅದೇ ಹೊಗೆ. ಆದ್ದರಿಂದ ಮೊದಲು ಏರ್ ಫಿಲ್ಟರ್, ಹೋಸ್, ವ್ಯಾಕ್ಯೂಮ್ ಪೈಪ್, ಟರ್ಬೊ ಒತ್ತಡ ನಿಯಂತ್ರಿಸುವ ವೇಸ್ಟ್‌ಗೇಟ್ ನೋಡಿ, ಕೊನೆಗೆ ಟರ್ಬೊ ಶಾಫ್ಟಿನ ಅಲುಗಾಟ ಪರೀಕ್ಷಿಸುವುದೇ ಜೇಬಿಗೂ ಹಿತವಾದ ಕ್ರಮ.