ಮರ ಕೊಯ್ಯುವ ಯಂತ್ರಗಳ ಎಂಜಿನ್ ಜೀರ್ಣೋದ್ಧಾರ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಸೀಮೆಗಳಲ್ಲಿ ತೆಂಗು-ಅಡಿಕೆಗಳ ತೋಟವೇ ಅನೇಕ ಕುಟುಂಬಗಳ ಬಾಳಿಗೆ ಆಧಾರವೆಂಬುದು ಎಲ್ಲರೂ ಬಲ್ಲ ಸಂಗತಿ. ತೋಟವೆಂದ ಮೇಲೆ ನೆಡುವ ಕೆಲಸವಿರುವಂತೆ ಕಡಿಯುವ ಕೆಲಸವೂ ಇರತಕ್ಕದ್ದೇ. 2016-17ರ ಸುಮಾರಿನ ಬರಗಾಲದಲ್ಲಿ ವಾಣಿವಿಲಾಸ ಸಾಗರದ ನೀರು ತಳ ಕಂಡು, ಕೊಳವೆಬಾವಿಗಳು ಬತ್ತಿ, ತೆಂಗಿನ ಮರಗಳು ಸುಳಿ ಒಣಗಿ ಬೋಳುಗಂಬಗಳಂತೆ ನಿಂತುವು. ಅವುಗಳನ್ನು ಉರುಳಿಸಿ ನೆಲವನ್ನು ತೆರವು ಮಾಡುವುದೂ ಬೇಸಾಯದ ಒಂದು ಭಾಗವಾಯಿತು. 1933ರ ತರುವಾಯ 2022ರಲ್ಲಿ ಆ ಜಲಾಶಯ ಮತ್ತೆ ಕೋಡಿ ಹರಿದು ರೈತರ ಆಸೆ ಚಿಗುರಿತಾದರೂ ಕಡಿಯುವ ಕೆಲಸವೇನೂ ಮುಗಿಯಲಿಲ್ಲ. ಕೆರೆಯಂಗಳಗಳನ್ನು ಆಕ್ರಮಿಸಿರುವ ಬಳ್ಳಾರಿ ಜಾಲಿ, ಬದುಗಳ ಮೇಲಿನ ನೀಲಗಿರಿ, ಸರ್ವೆ ಇವೆಲ್ಲವೂ ಗರಗಸವನ್ನು ಬೇಡುತ್ತಲೇ ಇರುತ್ತವೆ.

ಇಬ್ಬರು ಎದುರುಬದುರಾಗಿ ಕುಳಿತು ಎಳೆಯುತ್ತಿದ್ದ ಗರಗಸದ ಸ್ಥಾನದಲ್ಲಿ ಈಗ ಪೆಟ್ರೋಲಿನ ಚೈನ್ ಸಾ ಬಂದಿದೆ. ಅದನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗಿ ಕೂಲಿ ಮಾಡುವವನಿಗೆ ಆ ಯಂತ್ರವೇ ಬಂಡವಾಳ. ಅದು ನಿಂತ ದಿನ ಮನೆಯ ಸಂಪಾದನೆಯೂ ನಿಂತಿತು. ಎಂಜಿನ್ ಹಿಡಿದುಕೊಂಡಾಗ ಮೂಲ ತಯಾರಕರ ಬಿಡಿಭಾಗಗಳ ಬೆಲೆ ಕೇಳಿ ಹೌಹಾರಿದವನು ಅನ್ಯ ತಯಾರಿಕೆಯ ಸಿಲಿಂಡರ್ ಮತ್ತು ಪಿಸ್ಟನ್ ಕಿಟ್ಟನ್ನು ಬಹು ಕಡಿಮೆ ಬೆಲೆಗೆ ಕೊಂಡು ಹಾಕಿಸುತ್ತಾನೆ. ಹದಿನೈದು ದಿನದಲ್ಲಿ ಅದೂ ಹಿಡಿದುಕೊಳ್ಳುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: “ಲೋಕಲ್ ಮಾಲು, ಇನ್ನೇನಾದೀತು?” ಈ ತೀರ್ಪು ಅರ್ಧ ಮಾತ್ರ ನಿಜ. ಮೊದಲನೆಯ ಪಿಸ್ಟನ್ ಏಕೆ ಕೆಟ್ಟಿತೆಂಬುದನ್ನು ವಿಚಾರಿಸದೆ ಎರಡನೆಯದನ್ನು ಕೂಡಿಸಿದರೆ ಅಪ್ಪಟ ಕಂಪನಿಯ ಭಾಗವೂ ಅದೇ ಗತಿಯನ್ನು ಕಾಣುತ್ತದೆ.

ಕಾರಣವನ್ನು ಅರಿಯಬೇಕಾದರೆ ಎಂಜಿನ್ನಿನ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ಇದು ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರಾಂಕ್ ಕೋಣೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ; ಇಳಿಯುವಾಗ ಅದನ್ನೇ ಒತ್ತಿ ಸಿಲಿಂಡರಿನ ಕಿಂಡಿಗಳ ಮೂಲಕ ಮೇಲಕ್ಕೆ ಕಳುಹಿಸುತ್ತದೆ. ಇದರಲ್ಲಿ ಆಯಿಲಿಗೆ ಪ್ರತ್ಯೇಕ ಕೊಳವಿಲ್ಲ. ಪೆಟ್ರೋಲಿನೊಡನೆ ಬೆರೆಸಿದ ಆಯಿಲೇ ಬೇರಿಂಗಿಗೂ ಪಿಸ್ಟನ್ನಿಗೂ ಜೀವರಕ್ಷೆ. ಅಂದಮೇಲೆ ಕ್ರಾಂಕ್ ಕೋಣೆಯಲ್ಲಿ ಸೂಜಿಮೊನೆಯಷ್ಟು ಸಂದಿಯಾದರೂ ಅದರ ಮೂಲಕ ಬರಿಯ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಒಂದೇ ಕಾಲಕ್ಕೆ ಶಾಖ ಏರಿ ಆಯಿಲ್ ಕಡಿಮೆಯಾಗುತ್ತದೆ. ಭಾರವಿಲ್ಲದಾಗ ನಿಮಿಷಕ್ಕೆ 12,000 ಸುತ್ತಿಗೂ ಮಿಕ್ಕಿ, ಎಂದರೆ ಸೆಕೆಂಡಿಗೆ ಇನ್ನೂರು ಬಾರಿ, ತಿರುಗುವ ಯಂತ್ರಕ್ಕೆ ಅಷ್ಟು ಸಾಕು.

ಶಾಲೆಯಲ್ಲಿ ಕಲಿಸುವ ಉಷ್ಣ ವಿಕಾಸದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 45 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಶಾಖ 200 ಡಿಗ್ರಿ ಹೆಚ್ಚಿದರೆ ಅದರ ವ್ಯಾಸ ಸುಮಾರು 0.2 ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಸಿಲಿಂಡರೂ ಅಲ್ಯುಮಿನಿಯಮ್ಮಿನದೇ ಆದರೂ ತನ್ನ ರೆಕ್ಕೆಗಳ ಮೂಲಕ ಗಾಳಿಗೆ ಶಾಖ ಬಿಟ್ಟುಕೊಡುವುದರಿಂದ ಪಿಸ್ಟನ್ನಿನಷ್ಟು ಹಿಗ್ಗುವುದಿಲ್ಲ. ನಡುವಣ ಸಂದು ಮುಚ್ಚಿಹೋದಾಗ ಆಗುವುದೇ ‘ಹಿಡಿದುಕೊಳ್ಳುವುದು’.

ಬಿಚ್ಚಿದ ಪಿಸ್ಟನ್ನನ್ನು ಗುಜರಿಗೆ ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡತಕ್ಕದ್ದು. ಹೊಗೆ ಹೋಗುವ ಕಡೆಯಲ್ಲಿ ಮಾತ್ರ ಉದ್ದುದ್ದ ಗೀರುಗಳಿದ್ದರೆ ಅತಿಶಾಖವಾಗಿದೆ: ಗಾಳಿ ಸೋರಿಕೆ, ಕಾರ್ಬುರೇಟರಿನ ತಪ್ಪು ಹೊಂದಾಣಿಕೆ ಅಥವಾ ಮೊಂಡಾದ ಚೈನು ಇದಕ್ಕೆ ಕಾರಣವಾಗಿರಬಹುದು. ಸುತ್ತಲೂ ಗೀರುಗಳಿದ್ದರೆ ಯಾರೋ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿದ್ದಾರೆಂದೇ ಬಹುಮಟ್ಟಿಗೆ ತಿಳಿಯಬಹುದು. ಒಳಗೆಳೆಯುವ ಕಡೆ ಬೂದು ಬಣ್ಣಕ್ಕೆ ತಿರುಗಿ ಹೊಳಪಳಿದು ಸವೆದಿದ್ದರೆ ಅದು ಧೂಳಿನ ಕೆಲಸ; ಹರಿದ ಅಥವಾ ಸರಿಯಾಗಿ ಕೂರದ ಏರ್ ಫಿಲ್ಟರನ್ನು ಹುಡುಕಬೇಕು. ಬಿರುಬೇಸಿಗೆಯಲ್ಲಿ ಬೆಂಗಾಡಾಗುವ ಈ ಬಯಲುಸೀಮೆಯಲ್ಲಿ ಧೂಳಿನಿಂದ ಕೆಡುವ ಎಂಜಿನ್ನುಗಳು ಕಡಿಮೆಯೇನಲ್ಲ.

ಮೊಂಡು ಚೈನಿನ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ತೆಂಗಿನ ಕಾಂಡದ ನಾರು ಚೈನಿನ ಹಲ್ಲನ್ನು ಬೇಗನೆ ತಿಂದುಹಾಕುತ್ತದೆ. ಒಣಗಿದ ಜಾಲಿಯ ಗಡಸುತನವೂ ಅಂಥದೇ. ಹರಿತವಾದ ಚೈನು ಮರದಿಂದ ಚಕ್ಕೆಗಳನ್ನು ಎಬ್ಬಿಸುತ್ತದೆ. ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಉದುರತೊಡಗಿತೆಂದರೆ ಅರವಿನ ಸಮಯ ಮೀರಿತೆಂದೇ ಅರ್ಥ. ಆಗ ಕೆಲಸಗಾರ ಯಂತ್ರವನ್ನು ಮರದ ಮೇಲೆ ಒತ್ತಿ ಹಿಡಿಯುತ್ತಾನೆ. ಎಂಜಿನ್ ಪೂರ್ಣ ಭಾರದಲ್ಲಿ ಕುದಿಯುತ್ತದೆ. ನಯವಾದ ಪುಡಿ ಫಿಲ್ಟರಿನ ಮೇಲೂ ರೆಕ್ಕೆಗಳ ನಡುವೆಯೂ ಮೆತ್ತಿಕೊಳ್ಳುತ್ತದೆ. ಒಂದು ಅರಕ್ಕೆ ಮಾಡುವ ಜಿಪುಣತನ ಪಿಸ್ಟನ್ನಿನ ವೆಚ್ಚವಾಗಿ ತಿರುಗಿ ಬರುವುದು ಹೀಗೆ.

ಹಳೆಯ ಸಿಲಿಂಡರನ್ನು ಒಡನೆಯೇ ತಿರಸ್ಕರಿಸಬೇಕಾಗಿಲ್ಲ. ಅದರ ಒಳಮೈಗೆ ನಿಕ್ಕಲ್ ಅಥವಾ ಕ್ರೋಮಿನ ಗಟ್ಟಿ ಲೇಪವಿರುತ್ತದೆ. ಎಷ್ಟೋ ಸಲ ಗೀರಿನಂತೆ ಕಾಣುವುದು ಪಿಸ್ಟನ್ನಿನಿಂದ ಅಂಟಿಕೊಂಡ ಅಲ್ಯುಮಿನಿಯಂ ಮಾತ್ರ. ನವಿರಾದ ಎಮರಿ ಕಾಗದದಿಂದ ತಾಳ್ಮೆಯಾಗಿ ಉಜ್ಜಿ ತೆಗೆದಾಗ ಲೇಪ ಕೆಡದೆ ಉಳಿದಿದ್ದರೆ, ಆ ಮೂಲ ಸಿಲಿಂಡರಿಗೆ ಉತ್ತಮವಾದ ಅನ್ಯ ಪಿಸ್ಟನ್ನೊಂದನ್ನು ಕೂಡಿಸುವುದು ಅಗ್ಗದ ಪೂರ್ಣ ಕಿಟ್ಟಿಗಿಂತ ಮೇಲು. ಲೇಪ ಎದ್ದುಹೋಗಿದ್ದರೆ ಮಾತ್ರ ನಿರುಪಾಯ; ಬೀಡು ಕಬ್ಬಿಣದ ಸಿಲಿಂಡರಿನಂತೆ ಇದನ್ನು ಬೋರ್ ಮಾಡಿಸಿ ಬಳಸಲಾಗದು.

ಕಿಟ್ಟನ್ನೇ ಕೊಂಡಾಗ, ಅದು ಪೂರ್ಣಗೊಂಡ ವಸ್ತುವಲ್ಲ, ಅರೆಗೆಲಸವಾದ ವಸ್ತುವೆಂದು ಭಾವಿಸಿ ಕೈಹಾಕುವುದು ವಿವೇಕ. ಕಿಂಡಿಗಳ ಅಂಚಿನಲ್ಲಿ ಲೇಪದ ಮುಳ್ಳುಗಳು ಉಳಿದಿದ್ದರೆ ರಿಂಗ್ ಅವಕ್ಕೆ ಸಿಕ್ಕಿ ಮುರಿಯುತ್ತದೆ. ಆ ಅಂಚನ್ನು ಸಣ್ಣ ಸಾಣೆಯಿಂದ ತುಸು ಮಣಿಸಬೇಕು. ರಿಂಗನ್ನು ಬರಿಯ ಸಿಲಿಂಡರಿನೊಳಗೆ ನೆಟ್ಟಗೆ ತಳ್ಳಿ ಅದರ ತುದಿಗಳ ನಡುವೆ ಸುಮಾರು 0.2 ಮಿಲಿಮೀಟರಾದರೂ ಸಂದು ಇದೆಯೇ ಎಂದು ಫೀಲರ್ ಗೇಜಿನಿಂದ ನೋಡಬೇಕು. ಪಿಸ್ಟನ್ನಿನ ಮೇಲಿನ ಬಾಣದ ಗುರುತು ಹೊಗೆ ಹೋಗುವ ಕಡೆಗಿರಬೇಕು. ಪಿನ್ನನ್ನು ಹಿಡಿದಿಡುವ ತಂತಿಯ ಸರ್ಕ್ಲಿಪ್ಪುಗಳಂತೂ ಅಗ್ಗದ ಕಿಟ್ಟುಗಳಲ್ಲಿ ಬಹಳ ದುರ್ಬಲವಾಗಿರುತ್ತವೆ. ಒಂದು ಕಳಚಿಬಿದ್ದರೆ ಸಿಲಿಂಡರನ್ನೇ ಉತ್ತುಬಿಡುತ್ತದೆ. ಆದ್ದರಿಂದ ಇವೆರಡನ್ನು ಮೂಲ ಕಂಪನಿಯವೇ ತರಿಸುವುದು ಲೇಸು.

ಪಿಸ್ಟನ್ ಮೇಲ್ತುದಿ ಮುಟ್ಟಿದಾಗ ಅದಕ್ಕೂ ಸಿಲಿಂಡರಿನ ತಲೆಗೂ ನಡುವೆ ಉಳಿಯುವ ಎಡೆಯನ್ನು ಅಳೆಯಲು ಸರಳವಾದ ಉಪಾಯವುಂಟು. ಪ್ಲಗ್ಗಿನ ರಂಧ್ರದಿಂದ ಬೆಸುಗೆಯ ಸೀಸದ ತಂತಿಯನ್ನು ಸಿಲಿಂಡರಿನ ಗೋಡೆ ಮುಟ್ಟುವಂತೆ ತೂರಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಸ್ಕ್ರೂ ಗೇಜಿನಿಂದ ಅಳೆಯಬೇಕು. ಪ್ರೌಢಶಾಲೆಯ ಪ್ರಯೋಗಾಲಯದ ಗೇಜೇ ಇದಕ್ಕೆ ಸಾಕು. 0.5 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಪಿಸ್ಟನ್ ತಲೆಗೆ ಬಡಿಯುವ ಭಯ. ಒಂದು ಮಿಲಿಮೀಟರನ್ನು ಮೀರಿದರೆ ಯಂತ್ರಕ್ಕೆ ಕಸುವಿರುವುದಿಲ್ಲ.

ಇಷ್ಟೆಲ್ಲ ಮಾಡಿದವರೂ ಸಾಮಾನ್ಯವಾಗಿ ಬಿಡುವುದು ಸೋರಿಕೆಯ ಪರೀಕ್ಷೆಯನ್ನು. ಕಾರ್ಬುರೇಟರಿನ ಬಾಯಿಯನ್ನೂ ಹೊಗೆಯ ಬಾಯಿಯನ್ನೂ ಸೈಕಲ್ ಟ್ಯೂಬಿನ ರಬ್ಬರ್ ತುಂಡುಗಳಿಂದ ಬಿಗಿದು ಮುಚ್ಚಿ, ಒಳಗೆ ಸ್ವಲ್ಪ ಗಾಳಿ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡುವುದೇ ಆ ಪರೀಕ್ಷೆ. ಹೆಚ್ಚಿನ ಸಲಕರಣೆ ಬೇಡ. ರಕ್ತದ ಒತ್ತಡ ನೋಡುವ ಉಪಕರಣದ ರಬ್ಬರ್ ಬುಡ್ಡೆಯೂ ಮಾಪಕವೂ ಈ ಕೆಲಸಕ್ಕೆ ಒದಗುತ್ತವೆ. ಮಾಪಕದ ಮುಳ್ಳು ಇಳಿಯುತ್ತಿದ್ದರೆ ಸಾಬೂನಿನ ನೊರೆ ಹಚ್ಚಿದ ಕಡೆ ಗುಳ್ಳೆ ಏಳುತ್ತದೆ. ಬಹಳ ವೇಳೆ ಆ ಗುಳ್ಳೆ ಏಳುವುದು ಕ್ರಾಂಕಿನ ಎರಡು ತುದಿಗಳ ಆಯಿಲ್ ಸೀಲಿನಲ್ಲಿ. ಕೆಲವು ಸೀಲುಗಳು ಒತ್ತಡವನ್ನು ತಡೆದರೂ ಒಳಗಿನ ಎಳೆತಕ್ಕೆ ಸೋಲುತ್ತವೆ. ಆದಕಾರಣ ಗಾಳಿಯನ್ನು ಹೊರಗೆಳೆದು ಸಹ ಪರೀಕ್ಷಿಸಬೇಕು. ಹಿಡಿಕೆ, ಹೊರಕವಚ, ಎಳೆಯುವ ಹಗ್ಗ ಇವುಗಳಲ್ಲಿ ಎಷ್ಟು ಬೇಕಾದರೂ ಮಿತವ್ಯಯ ಮಾಡಬಹುದು. ಸೀಲು, ಬೇರಿಂಗ್, ಕಾರ್ಬುರೇಟರಿನ ಡಯಾಫ್ರಂಗಳಲ್ಲಿ ಮಾತ್ರ ಸಲ್ಲದು. ಚೈನಿನ ಬ್ರೇಕನ್ನು ಈ ಲೆಕ್ಕಕ್ಕೇ ತರಕೂಡದು. ಗರಗಸ ಹಿಮ್ಮೆಟ್ಟಿ ಮುಖದ ಕಡೆಗೆ ನೆಗೆದಾಗ ಚೈನನ್ನು ತಡೆದು ನಿಲ್ಲಿಸುವುದು ಅದೊಂದೇ. ಅದು ಕೆಟ್ಟಿದ್ದರೆ ಎಂಜಿನ್ ಎಷ್ಟು ಚೆನ್ನಾಗಿ ಓಡಿದರೂ ಯಂತ್ರವನ್ನು ಹಿಂದಕ್ಕೆ ಕೊಡಬಾರದು.

ಇಂಧನದ ವಿಷಯದಲ್ಲಿ ಈಚೆಗೆ ಹೊಸ ತೊಡಕೊಂದು ಸೇರಿಕೊಂಡಿದೆ. 2023ರಲ್ಲಿ ಮಾರಾಟ ಆರಂಭವಾದ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲಿನಲ್ಲಿ ಆಮ್ಲಜನಕ ಅಡಕವಾಗಿರುವುದರಿಂದ ಹಳೆಯ ಹೊಂದಾಣಿಕೆಯಲ್ಲೇ ಮಿಶ್ರಣ ತುಸು ತೆಳುವಾಗಿ ಶಾಖ ಹೆಚ್ಚುತ್ತದೆ. ಜೀರ್ಣೋದ್ಧಾರವಾದ ಎಂಜಿನ್ನಿನ ಪೂರ್ಣವೇಗದ ತಿರುಪನ್ನು ಸ್ವಲ್ಪ ಹೆಚ್ಚಾಗಿ ತೆರೆದಿಡುವುದು ಇದಕ್ಕಾಗಿಯೇ. ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ; ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಮಳೆಗಾಲದಲ್ಲಿ ಯಂತ್ರವನ್ನು ಮೂಲೆಗಿಡುವ ಮುನ್ನ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಬೇಕು. ಒಳ್ಳೆಯ ಟೂ ಸ್ಟ್ರೋಕ್ ಆಯಿಲಾದರೆ ಲೀಟರಿಗೆ 20 ಮಿಲಿಲೀಟರ್, ಸಾಧಾರಣ ದರ್ಜೆಯದಾದರೆ 40 ಮಿಲಿಲೀಟರ್ ಎಂಬುದು ವಾಡಿಕೆಯ ಅಳತೆ. ಇದನ್ನು ಬಾಟಲಿಯ ಮುಚ್ಚಳದ ಅಂದಾಜಿನಿಂದಲ್ಲದೆ ಔಷಧಿಯ ಅಂಗಡಿಯಲ್ಲಿ ದೊರೆಯುವ ಸಿರಿಂಜಿನಿಂದ ಅಳೆದು, ಬೇರೆ ಡಬ್ಬಿಯಲ್ಲಿ ಕಲಕಿ, ಅನಂತರ ಟ್ಯಾಂಕಿಗೆ ಹಾಕತಕ್ಕದ್ದು.